ಸೋಪಾನದ ಆಲಂಬನವೂ ವೇದಿಕೆಯೂ

ಅಮರಸಿಂಹನು ಪುರವರ್ಗದಲ್ಲಿ ಸೋಪಾನಕ್ಕೆ ಆರೋಹಣವೆಂಬ ಪರ್ಯಾಯವನ್ನು ಕೊಟ್ಟು, ಏಣಿಗೆ ನಿಃಶ್ರೇಣಿ, ಅಧಿರೋಹಿಣಿ ಎಂಬ ಹೆಸರುಗಳನ್ನು ಹೇಳಿದ್ದಾನೆ. ನಿಃಶ್ರೇಣಿಕೆಯೇ ಕನ್ನಡದ ನಿಚ್ಚಣಿಗೆಯೆಂಬುದು ಪ್ರಸಿದ್ಧ. ಆದರೆ ಹತ್ತುವವನು ಕೈಯಿಂದ ಹಿಡಿಯತಕ್ಕ ವಸ್ತುವಿಗಾಗಲಿ, ಅಂಚಿನಿಂದ ಬೀಳದಂತೆ ಅವನನ್ನು ತಡೆಯತಕ್ಕ ವಸ್ತುವಿಗಾಗಲಿ ಕೋಶಕಾರನು ಆ ಸ್ಥಳದಲ್ಲಿ ಹೆಸರು ಕೊಟ್ಟಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಪ್ರಾಚೀನರು ಈ ವಿಷಯವನ್ನು ಗಮನಿಸಿರಲಿಲ್ಲವೆಂದು ಭಾವಿಸಲಾಗದು. ಇವೆರಡೂ ಬೇರೆ ಬೇರೆ ಎಂಬ ಅರಿವು ಬಹು ಹಿಂದೆಯೇ ಈ ದೇಶದಲ್ಲಿ ಇದ್ದಿತು. ಅದಕ್ಕೆ ಪ್ರಮಾಣವು ಸಂಸ್ಕೃತ ಕೋಶಗಳಲ್ಲಿಲ್ಲ, ಪಾಲಿ ವಿನಯಪಿಟಕದಲ್ಲಿದೆ.

ವಿನಯದ ಚುಲ್ಲವಗ್ಗದಲ್ಲಿ ಭಿಕ್ಷುಗಳ ಚಂಕ್ರಮಣಸ್ಥಾನವನ್ನು, ಎಂದರೆ ಅಡ್ಡಾಡುವ ಜಗಲಿಯನ್ನು, ಕಟ್ಟುವ ಪ್ರಸ್ತಾಪವು ಬರುತ್ತದೆ. ನೆಲವು ತಗ್ಗಾಗಿದ್ದುದರಿಂದ ಜಗಲಿಯನ್ನು ಎತ್ತರಿಸಲು ಅಪ್ಪಣೆಯಾಯಿತು. ಎತ್ತರಿಸಿದ ಮೇಲೆ ಹತ್ತುವುದು ಕಷ್ಟವಾಯಿತು. ಇಟ್ಟಿಗೆಯದು, ಕಲ್ಲಿನದು, ಮರದ್ದು ಎಂದು ಮೂರು ಬಗೆಯ ಸೋಪಾನಗಳಿಗೆ ಅನುಮತಿ ದೊರೆಯಿತು. ಹತ್ತುವವರು ಬಿದ್ದರು, ಆಗ ‘ಆಲಂಬನಬಾಹ’ವನ್ನು ಮಾಡಿಕೊಳ್ಳಬಹುದೆಂದು ಹೇಳಲಾಯಿತು. ಮೇಲೆ ಅಡ್ಡಾಡುವವರೂ ಬಿದ್ದರು. ಅವರಿಗಾಗಿ ‘ಚಂಕಮನವೇದಿಕೆ’ಯು ವಿಹಿತವಾಯಿತು. ಒಂದೊಂದು ಅನುಜ್ಞೆಯ ಹಿಂದೆಯೂ ಒಂದೊಂದು ಅಪಘಾತವಿರುವುದನ್ನು ಗಮನಿಸಬೇಕು. ಇಂದಿನ ಕಟ್ಟಡದ ನಿಬಂಧನೆಗಳೂ ಬಹುಮಟ್ಟಿಗೆ ಹೀಗೆಯೇ ಹುಟ್ಟಿದವು.

ಈ ಎರಡು ಪದಗಳ ಭೇದವು ಮುಖ್ಯವಾದುದು. ಆಲಂಬನವೆಂದರೆ ಆಶ್ರಯಿಸತಕ್ಕದ್ದು, ಬಾಹವೆಂಬುದು ತೋಳು. ಹತ್ತುವವನ ಕೈಗೆ ಸೋಪಾನವು ನೀಡುವ ತೋಳೇ ಆಲಂಬನಬಾಹ. ಅದನ್ನು ಹಿಡಿಯುವವನು ತಾನಾಗಿಯೇ ಹಿಡಿಯುತ್ತಾನೆ. ವೇದಿಕೆಯು ಹಾಗಲ್ಲ. ಮೈಮರೆತು ಅಂಚಿಗೆ ಬಂದವನನ್ನೂ ಅದು ತಡೆಯತಕ್ಕದ್ದು. ಮೊದಲನೆಯದು ಕೈಗೆ ಒಪ್ಪಬೇಕು, ಎರಡನೆಯದು ಮೈಯ ಭಾರಕ್ಕೆ ನಿಲ್ಲಬೇಕು.

ವೇದಿಕೆಯ ಅಂಗಗಳ ಹೆಸರುಗಳೂ ಪಾಲಿಯಲ್ಲಿ ಉಳಿದಿವೆ. ದೀಘನಿಕಾಯದ ಮಹಾಸುದಸ್ಸನಸುತ್ತದಲ್ಲಿ ರಾಜನ ಕೊಳಗಳ ಸೋಪಾನಗಳಿಗೆ ಥಂಭ, ಸೂಚಿ, ಉಣ್ಹೀಸ ಎಂಬ ಮೂರು ಅಂಗಗಳನ್ನು ಹೇಳಿದೆ. ಚಿನ್ನದ ಸೋಪಾನಕ್ಕೆ ಕಂಬಗಳು ಚಿನ್ನದವು, ಸೂಚಿಗಳೂ ಉಷ್ಣೀಷವೂ ಬೆಳ್ಳಿಯವು. ವರ್ಣನೆಯು ಅತಿಶಯೋಕ್ತಿಯಾದರೂ ಅಂಗವಿಭಾಗವು ಬಡಗಿಯ ಅನುಭವದಿಂದ ಬಂದದ್ದು. ನೆಟ್ಟ ಕಂಬವು ಸ್ತಂಭ. ಕಂಬದಿಂದ ಕಂಬಕ್ಕೆ ಸೂಜಿಯಂತೆ ತೂರುವ ಅಡ್ಡಪಟ್ಟಿಯು ಸೂಚಿ. ತಲೆಗೆ ಸುತ್ತಿದ ಪೇಟದಂತೆ ಕಂಬಗಳ ನೆತ್ತಿಯ ಮೇಲೆ ಕುಳಿತು ಅವನ್ನೆಲ್ಲ ಒಂದುಗೂಡಿಸುವುದು ಉಷ್ಣೀಷ. 1873ರಲ್ಲಿ ಕನ್ನಿಂಗ್‌ಹ್ಯಾಮನು ಬೆಳಕಿಗೆ ತಂದ ಭಾರಹುತದ ವೇದಿಕೆಯ ಶಾಸನಗಳಲ್ಲಿ ಕಂಬವನ್ನು ಕೊಟ್ಟವರೂ ಸೂಚಿಯನ್ನು ಕೊಟ್ಟವರೂ ತಮ್ಮ ತಮ್ಮ ದಾನವನ್ನು ಈ ಹೆಸರುಗಳಿಂದಲೇ ಬರೆಯಿಸಿದ್ದಾರೆ.

ಸಾಂಚಿಯ ಮಹಾಸ್ತೂಪದಲ್ಲಿ ಇದೇ ರಚನೆಯು ಶಿಲೆಯಲ್ಲಿ ನಿಂತಿದೆ. ಕಂಬಗಳ ಪಕ್ಕಗಳಲ್ಲಿ ಗೂಡು ಕೊರೆದು, ಮಸೂರದ ಆಕೃತಿಯ ಸೂಚಿಗಳ ತುದಿಗಳನ್ನು ಅವುಗಳಲ್ಲಿ ಕೂರಿಸಲಾಗಿದೆ. ಇದು ಮರಗೆಲಸದ ಕ್ರಮವೇ ಹೊರತು ಕಲ್ಲಿಗೆ ಸಹಜವಾದುದಲ್ಲವೆಂದು ವಿದ್ವಾಂಸರು ಒಪ್ಪಿದ್ದಾರೆ. ದಕ್ಷಿಣಭಾಗದಲ್ಲಿ ಮೇಧಿಗೆ ಹತ್ತುವ ಜೋಡಿ ಸೋಪಾನಕ್ಕೂ ವೇದಿಕೆಯುಂಟು. ಅದನ್ನು ಕಾಣುವವರು ಶಿಲ್ಪದ ಸೊಬಗನ್ನು ಮಾತ್ರ ನೋಡಿದರೆ ಸಾಲದು. ಅಲ್ಲಿ ಆಲಂಬನವು ಬೇರೆಯಾಗಿ ಕಾಣುವುದಿಲ್ಲ. ಅಷ್ಟು ದಪ್ಪನಾದ ಉಷ್ಣೀಷವನ್ನು ಯಾವ ಮನುಷ್ಯನ ಬೆರಳುಗಳೂ ಸುತ್ತಿ ಹಿಡಿಯಲಾರವು. ವೇದಿಕೆಯು ಉಳಿಯಿತು, ಆಲಂಬನವು ಅದರಲ್ಲಿ ಅಡಗಿಹೋಯಿತು.

ಮುಂದೆ ವೇದಿಕೆಯೆಂಬ ಶಬ್ದಕ್ಕೂ ಸ್ಥಾನಪಲ್ಲಟವಾಯಿತು. ಅಮರಕೋಶದಲ್ಲಿ ಅದು ವಿತರ್ದಿಗೆ ಪರ್ಯಾಯ, ಎಂದರೆ ಜಗಲಿ. ಕನ್ನಡಿಗರಿಗೆ ಇಂದು ವೇದಿಕೆಯೆಂದರೆ ಭಾಷಣಕಾರರು ನಿಲ್ಲುವ ಎತ್ತರದ ಸ್ಥಳ. ಅಂಚನ್ನು ಕಾಯುವ ವಸ್ತುವಿನ ಹೆಸರು ಹೀಗೆ ಅಂಚುಳ್ಳ ನೆಲಕ್ಕೇ ಸಂದಿದೆ. ದಕ್ಷಿಣದ ದೇವಾಲಯಗಳಲ್ಲಿ ಸೋಪಾನದ ಇಕ್ಕೆಲಗಳಲ್ಲಿ ಆನೆಯ ಸೊಂಡಿಲಿನಂತೆ ಇಳಿದುಬರುವ ಹಸ್ತಿಹಸ್ತವು ಹೆಸರಿನಲ್ಲಿ ಹಸ್ತವಾದರೂ ಹಿಡಿಯುವವರ ಹಸ್ತಕ್ಕೆ ಒದಗುವುದು ಅಪೂರ್ವ. ಬಹುತೇಕ ಅದು ಮೊಣಕಾಲಿನ ಎತ್ತರದ್ದು. ಅದರ ಪ್ರಯೋಜನವು ಅಲಂಕಾರವೇ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲಿಯೇ ಕಡಿದ ನೂರಾರು ಮೆಟ್ಟಿಲುಗಳಿಗೆ ಈಚಿನ ಕಾಲದವರು ಲೋಹದ ಕಂಬಿಗಳನ್ನು ನಿಲ್ಲಿಸಿದ್ದಾರೆ. ಬರಿಗಾಲಿನಿಂದ ಇಳಿಯುವ ವೃದ್ಧರ ಕೈಗಳು ಅವನ್ನು ಬಿಡದೆ ಹಿಡಿದಿರುವುದನ್ನು ಕಂಡವರಿಗೆ ಆಲಂಬನಶಬ್ದದ ಅರ್ಥಕ್ಕೆ ಬೇರೆ ವ್ಯಾಖ್ಯಾನವು ಬೇಕಾಗದು.

ಚುಲ್ಲವಗ್ಗದ ಮೂರು ಸೋಪಾನಗಳಿಗೆ ಈಚಿನ ಎರಡು ಶತಮಾನಗಳು ನಾಲ್ಕನೆಯದನ್ನು ಕೂಡಿಸಿದವು: ಮೊದಲು ಎರಕದ ಕಬ್ಬಿಣದ್ದು, ಆಮೇಲೆ ಉಕ್ಕಿನದು. ಉಕ್ಕಿನ ಸೋಪಾನದಲ್ಲಿ ಪಕ್ಕದ ಎರಡು ತೊಲೆಗಳ ನಡುವೆ ಮೆಟ್ಟಿಲುಗಳನ್ನು ಬೆಸೆಯುತ್ತಾರೆ. ಕಾಲು ಜಾರದಂತೆ ಮೇಲ್ಮೈಯಲ್ಲಿ ಉಬ್ಬುಗೆರೆಗಳಿರುವ ತಗಡನ್ನು ಹಾಸುತ್ತಾರೆ. ಕಂಬ, ಅಡ್ಡಕಂಬಿ, ಮೇಲ್ಗಂಬಿ ಎಂಬ ಮೂರಂಗದ ಕಟಾಂಜನವನ್ನು ನೋಡಿದರೆ ಸ್ತಂಭ, ಸೂಚಿ, ಉಷ್ಣೀಷಗಳೇ ಕೊಳವೆಯ ರೂಪದಲ್ಲಿ ಮರಳಿ ಬಂದಂತೆ ತೋರುತ್ತದೆ. ಮರದಿಂದ ಕಲ್ಲಿಗೆ ಹೋಗಿ ಬಿಗಿತುಕೊಂಡಿದ್ದ ರಚನೆಯು ಉಕ್ಕಿನಲ್ಲಿ ಪುನಃ ಮರದ ಲಾಘವವನ್ನು ಪಡೆಯಿತು. ಅದಕ್ಕಿಂತ ಹೆಚ್ಚಾಗಿ, ಸುಮಾರು 40 ಮಿಲಿಮೀಟರು ವ್ಯಾಸದ ಕೊಳವೆಯ ಸುತ್ತ ಬೆರಳುಗಳು ಸೇರುವುದರಿಂದ ಅಡಗಿಹೋಗಿದ್ದ ಆಲಂಬನವು ಮತ್ತೆ ಪ್ರತ್ಯಕ್ಷವಾಯಿತು.

ಆದರೆ ಕಲ್ಲಿಗಿಲ್ಲದ ಒಂದು ದೌರ್ಬಲ್ಯವು ಇಲ್ಲಿದೆ. ಸಾಂಚಿಯ ಕಂಬವು ತನ್ನ ತೂಕದಿಂದಲೇ ಬಹುಮಟ್ಟಿಗೆ ನಿಲ್ಲುತ್ತದೆ. ಉಕ್ಕಿನ ಕಂಬವು ಬುಡದ ಹಿಡಿತವೊಂದರಿಂದಲೇ ನಿಲ್ಲಬೇಕು. 1987ರ ಭಾರತೀಯ ಮಾನಕವು ವಾಸದ ಮನೆಯ ಮೆಟ್ಟಿಲುಗಳ ಕಟಾಂಜನಕ್ಕೆ ಮೀಟರೊಂದಕ್ಕೆ 0.35 ಕಿಲೋನ್ಯೂಟನ್, ಇತರ ಮೆಟ್ಟಿಲುಗಳಿಗೆ 0.75, ನಾಟಕಶಾಲೆ, ವಿದ್ಯಾಶಾಲೆ ಮೊದಲಾಗಿ ಜನಸಂದಣಿಯ ಕಟ್ಟಡಗಳಿಗೆ 2.25 ಕಿಲೋನ್ಯೂಟನ್ ಅಡ್ಡಬಲವನ್ನು ವಿಧಿಸಿತು. ಕಡೆಯದನ್ನು ಲೆಕ್ಕ ಹಾಕಿದರೆ, ಒಂದೂವರೆ ಮೀಟರಿಗೊಂದರಂತೆ ನಿಲ್ಲಿಸಿದ ಕಂಬದ ತಲೆಯ ಮೇಲೆ ಸುಮಾರು 344 ಕಿಲೋಗ್ರಾಂ ತೂಕಕ್ಕೆ ಸಮನಾದ ನೂಕು ಬೀಳುತ್ತದೆ. ಮೀಟರು ಎತ್ತರದ ಕಂಬವು ಆಗ ಮೀಟಿನಂತೆ ವರ್ತಿಸಿ ತನ್ನ ಬುಡವನ್ನೇ ಕೀಳಲು ತೊಡಗುತ್ತದೆ. ಮೇಲ್ಗಂಬಿಯ ಹೊಳಪನ್ನು ನೋಡಿ ಮೆಚ್ಚುವವರು ಬುಡದ ಫಲಕವನ್ನೂ ಬೋಲ್ಟುಗಳನ್ನೂ ಬಗ್ಗಿ ನೋಡುವುದಿಲ್ಲ. ಮಳೆಯ ನೀರು ನಿಂತು ತುಕ್ಕು ಹಿಡಿಯುವುದು ಅಲ್ಲಿಯೇ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹಿಡಿಗಂಬಿಯ ಎತ್ತರವನ್ನು ಮೆಟ್ಟಿಲಿನ ನಡುಭಾಗದಿಂದ 1000 ಮಿಲಿಮೀಟರು ಎಂದು ಗೊತ್ತುಮಾಡಿತು. ವಾಸದ ಮನೆಗಳಲ್ಲಿ ಮೆಟ್ಟಿಲಿನ ಏರು 190 ಮಿಲಿಮೀಟರಿಗೆ ಮೀರಬಾರದು, ಹಾಸು 250ಕ್ಕೆ ಕಡಿಮೆಯಾಗಬಾರದು. ಏರುಗಳೆಲ್ಲವೂ ಒಂದೇ ಸಮನಾಗಿರಬೇಕಾದುದು ಇವೆಲ್ಲಕ್ಕಿಂತ ಮುಖ್ಯ. ಕಾಲು ಮೊದಲ ಎರಡು ಮೆಟ್ಟಿಲುಗಳಲ್ಲಿ ಕಲಿತುದನ್ನೇ ಮುಂದೆಯೂ ನಂಬಿ ನಡೆಯುತ್ತದೆ. ಸೂಚಿಗಳ ವಿಷಯದಲ್ಲಿ ಮಾತ್ರ ಪ್ರಾಚೀನರ ಮಾರ್ಗವನ್ನು ಅನುಸರಿಸಲಾಗದು. ಅಡ್ಡಕಂಬಿಗಳು ಮಕ್ಕಳಿಗೆ ನಿಚ್ಚಣಿಗೆಯಾಗುತ್ತವೆ. ಮಕ್ಕಳಿರುವೆಡೆ ಕಿರಿದಾದ ಸಂದುಗಳ ನಿಲುಗಂಬಿಗಳೇ ಯೋಗ್ಯ.

ಕನ್ನಡದಲ್ಲಿ ಈ ಎರಡಕ್ಕೂ ಸಾಮಾನ್ಯವಾಗಿ ಒಂದೇ ಮಾತನ್ನು ಬಳಸುತ್ತಾರೆ. ಕೈಪಿಡಿಯೆಂಬ ಒಳ್ಳೆಯ ಪದವು ಪುಸ್ತಕಗಳ ಪಾಲಾಯಿತು. ಕಟಕಟೆಯೆಂದೊಡನೆ ನ್ಯಾಯಾಲಯದ ಆರೋಪಿಯು ನೆನಪಿಗೆ ಬರುತ್ತಾನೆ. ಸಂಹಿತೆಗಳನ್ನೂ ಗುತ್ತಿಗೆಯ ಕಾಗದಗಳನ್ನೂ ಭಾಷಾಂತರಿಸುವವರು ಎರಡನ್ನೂ ‘ಕಂಬಿ’ಯೆಂದು ಬರೆದರೆ, ಕೆಲಸಗಾರನು ಹಿಡಿಯುವುದಕ್ಕೆಂದು ಹಾಕಿದ ತೆಳುಕೊಳವೆಯನ್ನೇ ಉಪ್ಪರಿಗೆಯ ಅಂಚಿಗೂ ನಿಲ್ಲಿಸಿ ಕೆಲಸ ಮುಗಿಯಿತೆನ್ನುವನು, ಅವನನ್ನು ದೂರುವಂತೆಯೂ ಇಲ್ಲ. ಹಿಡಿಯತಕ್ಕದ್ದನ್ನು ಹಿಡಿಗಂಬಿಯೆಂದೂ ತಡೆಯತಕ್ಕದ್ದನ್ನು ತಡೆಗಂಬಿಯೆಂದೂ ಬೇರ್ಪಡಿಸಿ ಬರೆದರೆ ಚುಲ್ಲವಗ್ಗದ ಎರಡು ಅನುಜ್ಞೆಗಳಿಗೂ ಕನ್ನಡದಲ್ಲಿ ಬೇರೆ ಬೇರೆ ಹೆಸರುಗಳು ದೊರೆತಂತಾಗುವುದು.