ಚಾವಡಿಗೆ ಬಾರದ ಕಂದಾಯ: ಹಿರೇಕೆರೂರು ಸೀಮೆಯ ಕರನಿರಾಕರಣೆ

ಬ್ರಿಟಿಷರ ಕಾಲದ ಹಳೆಯ ದಾಖಲೆಗಳಲ್ಲಿ ಹಿರೇಕೆರೂರನ್ನು ತಾಲೂಕಿನ ಹೆಸರಾಗಿ ಹುಡುಕಿದರೆ ಸಿಗುವುದಿಲ್ಲ; ಅಂದಿನ ತಾಲೂಕು ಕೋಡ ಎಂಬ ಹಳ್ಳಿಯ ಹೆಸರಿನಲ್ಲಿತ್ತು, ಹಿರೇಕೆರೂರು ಅದರ ಕಚೇರಿಯ ಊರಾಗಿತ್ತು. ಬಂಕಾಪುರ ತಾಲೂಕಿನ ಕಚೇರಿ ಶಿಗ್ಗಾಂವಿಯಲ್ಲಿದ್ದುದೂ ಹೀಗೆಯೇ. ಹಾನಗಲ್ಲನ್ನೂ ಸೇರಿಸಿ ಇವೆಲ್ಲ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ನಡುವಿನ ಸವಣೂರು ನವಾಬರ ಸಂಸ್ಥಾನವಾಗಿ ಉಳಿದಿತ್ತು, ದಕ್ಷಿಣದ ಶಿಕಾರಿಪುರ ಮೈಸೂರು ಅರಸರದಾಗಿತ್ತು. ಒಂದೇ ಮಾತು, ಒಂದೇ ಬೆಳೆ, ಒಂದೇ ಸಂತೆಯ ಜನ ಮೂರು ಸರಕಾರಗಳಿಗೆ ಕಂದಾಯ ಕಟ್ಟುತ್ತಿದ್ದ ಈ ಸೀಮೆಯಲ್ಲಿ ಸ್ವಾತಂತ್ರ್ಯದ ಹೋರಾಟವು ಕಂದಾಯದ ಪ್ರಶ್ನೆಯಾಗಿ ತಲೆಯೆತ್ತಿದ್ದು ಸಹಜವೇ.

ಮುಂಬಯಿ ಪ್ರಾಂತದ ರೈತವಾರಿ ಪದ್ಧತಿಯಲ್ಲಿ, ಅಂದರೆ ಜಮೀನ್ದಾರನ ಮಧ್ಯಸ್ಥಿಕೆಯಿಲ್ಲದೆ ಸರಕಾರವು ನೇರವಾಗಿ ರೈತನಿಂದಲೇ ಕಂದಾಯ ಪಡೆಯುವ ವ್ಯವಸ್ಥೆಯಲ್ಲಿ, ಪ್ರತಿ ಸರ್ವೆ ನಂಬರಿನ ಮೇಲೆ ಸುಮಾರು 30 ವರ್ಷಗಳ ಅವಧಿಗೆ ನಗದು ದರ ಗೊತ್ತುಮಾಡಲಾಗುತ್ತಿತ್ತು. ಬೆಳೆ ಕೆಟ್ಟ ವರ್ಷ ಆಣೆವಾರಿ ಮಾಡಿ, ಅಂದರೆ ಪೂರ್ಣ ಬೆಳೆಯನ್ನು ಹದಿನಾರು ಆಣೆಯೆಂದು ಹಿಡಿದು ಬಂದ ಫಸಲು ಎಷ್ಟು ಆಣೆಯೆಂದು ಅಂದಾಜಿಸಿ, ವಸೂಲಿಯನ್ನು ಮುಂದೂಡುವುದಕ್ಕೆ ಅವಕಾಶವಿತ್ತಾದರೂ, ಬೆಳೆ ಚೆನ್ನಾಗಿ ಬಂದು ಬೆಲೆ ಮಾತ್ರ ನೆಲಕಚ್ಚಿದರೆ ಆ ಲೆಕ್ಕಕ್ಕೆ ಕಣ್ಣಿರಲಿಲ್ಲ. 1929ರ ಜಾಗತಿಕ ಆರ್ಥಿಕ ಕುಸಿತದ ನಂತರ ಆದದ್ದು ಅದೇ: ಹತ್ತಿ, ಜೋಳಗಳ ಧಾರಣೆ ಇಳಿಯಿತು, ಕಂದಾಯದ ಅಂಕಿ ಇದ್ದಲ್ಲೇ ಇತ್ತು.

1930ರ ದಶಕದ ಮೊದಲ ವರ್ಷಗಳಲ್ಲಿ ಉತ್ತರ ಕನ್ನಡದ ಅಂಕೋಲಾ, ಸಿದ್ದಾಪುರಗಳ ಜೊತೆಗೆ ಹಿರೇಕೆರೂರು ಸೀಮೆಯಲ್ಲಿಯೂ ಕರನಿರಾಕರಣೆ ನಡೆಯಿತು. ಕಾನೂನುಭಂಗದ ಇತರ ಬಗೆಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಉಪ್ಪು ಮಾಡಿದವನು, ಹೆಂಡ ನಿಲ್ಲಿಸಲೆಂದು ಈಚಲ ಮರ ಕಡಿದವನು ಜೈಲಿಗೆ ಹೋಗಿ ಮರಳಿ ತನ್ನ ಮನೆಗೇ ಬರುತ್ತಿದ್ದ. ಕಂದಾಯ ನಿಲ್ಲಿಸಿದವನಿಗೆ ಮರಳಿ ಬಂದಾಗ ಹೊಲವೇ ಇಲ್ಲದಿರುವ ಸಂಭವವಿತ್ತು, ಏಕೆಂದರೆ 1879ರ ಭೂಕಂದಾಯ ಕಾಯಿದೆಯು ಬಾಕಿದಾರನ ಚರಸ್ವತ್ತನ್ನು ಜಪ್ತಿ ಮಾಡುವ ಅಧಿಕಾರದೊಂದಿಗೆ ಹಿಡುವಳಿಯನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವನ್ನೂ ಕೊಟ್ಟಿತ್ತು. ಜಪ್ತಿಯೆಂದರೆ ಅಡುಗೆಮನೆಯ ತಾಮ್ರದ ಹಂಡೆ, ಹಿತ್ತಾಳೆಯ ಕೊಡ ಅಂಗಳಕ್ಕೆ ಬಂದು, ನೆರೆಮನೆಯವರ ಕಣ್ಣೆದುರಿಗೆ ಪಂಚನಾಮೆಯ ಕಾಗದದಲ್ಲಿ ಒಂದೊಂದಾಗಿ ದಾಖಲಾಗುವುದು. ಅದನ್ನು ಬರೆಯುವ ಕುಲಕರ್ಣಿ, ಸಾಕ್ಷಿಗೆ ನಿಲ್ಲುವ ಗೌಡ, ಸಾಮಾನು ಹೊರುವ ವಾಲೀಕಾರ ಇವರೆಲ್ಲ ಅದೇ ಊರಿನವರು.

ಅಹಿಂಸೆಯ ನಿಜವಾದ ಪರೀಕ್ಷೆ ನಡೆದದ್ದು ಪೊಲೀಸರ ಲಾಠಿಯೆದುರಿಗಿಂತ ಹೆಚ್ಚಾಗಿ ಈ ಅಂಗಳದಲ್ಲಿ ಎನ್ನಬೇಕು. ಜಪ್ತಿಯಾದ ವಸ್ತುವಿಗೂ ಜಮೀನಿಗೂ ಲಿಲಾವಿನಲ್ಲಿ ಕೂಗುವವರೇ ಇಲ್ಲದಿದ್ದರೆ ಸರಕಾರದ ಕೈ ಕಟ್ಟಿಹಾಕಿದಂತೆ. ಆದರೆ ಅಗ್ಗಕ್ಕೆ ಸಿಗುವ ಹೊಲದ ಆಸೆಯನ್ನು ನೆರೆಯವನು ಬಿಡುವಂತೆ ಮಾಡುವುದು ಭಾಷಣದಿಂದ ಆಗುವ ಕೆಲಸವಲ್ಲ, ಬಹಿಷ್ಕಾರದ ಬೆದರಿಕೆಯಿಂದ ಮಾಡಿದರೆ ಅದು ಹಿಂಸೆಯ ಅಂಚಿಗೆ ಬಂದು ನಿಲ್ಲುತ್ತದೆ. ಊರ ಬಾವಿಯ ನೀರನ್ನು ತಡೆಯುವಂಥ ಬಹಿಷ್ಕಾರವನ್ನು ಗಾಂಧೀಜಿ ಖಂಡಿಸಿದ್ದು ಇದೇ ಕಾರಣಕ್ಕೆ. 1932ರ ಜನವರಿ 4ರಂದು ಅವರ ಬಂಧನವಾಗಿ, ಕಾಂಗ್ರೆಸ್ ನಿಷೇಧಕ್ಕೆ ಒಳಗಾದ ಮೇಲೆ ಇಂಥ ಸೂಕ್ಷ್ಮಗಳನ್ನು ತೂಗಿ ನೋಡುವ ಹೊಣೆ ಹಳ್ಳಿಗಳ ಹೆಗಲಿಗೇ ಬಿತ್ತು. ಮುಟ್ಟುಗೋಲಾದ ಜಮೀನುಗಳನ್ನು ಮೂಲ ಹಿಡುವಳಿದಾರರಿಗೆ ಮರಳಿಸುವ ಕಾಯಿದೆ ಮುಂಬಯಿ ಪ್ರಾಂತದಲ್ಲಿ ಬಂದದ್ದು 1938ರಲ್ಲಿ, ಬಿ. ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲದ ಕಾಲದಲ್ಲಿ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಮತ್ತೆ ಗುರಿಯಾದದ್ದು ಕಂದಾಯವೇ, ರೀತಿ ಮಾತ್ರ ಬದಲಾಯಿತು. ಬ್ಯಾಡಗಿ ಬಳಿಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯೊಂದಿಗೆ ನಡೆದ ಕನ್ನಡಿಗರು. ಅವರದೇ ತಂಡ ಈಗ ಊರಿನ ಕಂದಾಯ ಕಚೇರಿಗಳಾದ ಚಾವಡಿಗಳಿಗೆ ನುಗ್ಗಿ ದಫ್ತರ ಸುಡತೊಡಗಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಅವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಬಲಿಯಾದರು. ದಫ್ತರ ಸುಡುವುದು ಅಹಿಂಸೆಯೇ ಎಂಬ ಪ್ರಶ್ನೆಗೆ ಗಾಂಧೀಮಾರ್ಗದವರು ಒಮ್ಮತದ ಉತ್ತರ ಕೊಟ್ಟವರಲ್ಲ. ಹಿರೇಕೆರೂರಿನ ಗಡಿಯಾಚೆ ಶಿಕಾರಿಪುರ ತಾಲೂಕಿನ ಈಸೂರಿನಲ್ಲಿ 1942ರ ಸೆಪ್ಟೆಂಬರ್ 28ರಂದು ತಾಲೂಕಿನ ಕಂದಾಯಾಧಿಕಾರಿಯಾದ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಹತರಾಗಿ, ಮರುವರ್ಷ ಐವರು ಗಲ್ಲಿಗೇರಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಕಾಗದವನ್ನು ಸುಡುವುದಕ್ಕೂ ಕಾಗದ ಹಿಡಿದವನನ್ನು ಕೊಲ್ಲುವುದಕ್ಕೂ ನಡುವಿನ ಗೆರೆ ಎಷ್ಟು ತೆಳುವಾಗಿತ್ತೆಂಬುದು ಕಾಣುತ್ತದೆ.

1948ರಲ್ಲಿ ಸವಣೂರು ಸಂಸ್ಥಾನವೂ ಧಾರವಾಡ ಜಿಲ್ಲೆಗೆ ಸೇರಿತು. ಸರಕಾರ ಜನರದಾಗಿತ್ತು; ವಸೂಲಿ ಮಾತ್ರ ಅದೇ ಸರ್ವೆ ನಂಬರುಗಳ ಮೇಲೆ, ಅದೇ ಚಾವಡಿಯಲ್ಲಿ ನಡೆಯುತ್ತಿತ್ತು, ರಶೀದಿ ಬರೆಯಲು ಕುಲಕರ್ಣಿಯೂ ಇನ್ನೂ ಅಲ್ಲೇ ಕುಳಿತಿದ್ದ.