ಕರಾಡದ ಪೈಲ್ವಾನ, ಜಪಾನಿನ ಜೂಡೋಪಟು: ಹೆಲ್ಸಿಂಕಿ 1952

ಪುಣೆಯ ನಮ್ಮ ಆಫೀಸಿನ ಯುಎಫ್‌ಸಿ ಫ್ಯಾನ್‌ಗಳ ಪ್ರಕಾರ ಬೇರೆ ಬೇರೆ ಮಲ್ಲವಿದ್ಯೆಗಳು ಎದುರುಬದುರಾಗಿದ್ದೇ 1993ರಲ್ಲಿ, ಡೆನ್ವರ್‌ನಲ್ಲಿ. ನಾನು ಅವರಿಗೆ ಹೇಳೋದು 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಕಥೆ.

ಪುಣೆಯಿಂದ ಬೆಳಗಾವಿ ಬಸ್ ಹತ್ತಿದ್ರೆ ದಾರೀಲಿ ಕರಾಡ ಸಿಗುತ್ತಲ್ಲ, ಅದರ ಪಕ್ಕದ ಗೋಳೇಶ್ವರದವರು ಖಾಶಾಬಾ ಜಾಧವ್. ಮಣ್ಣಿನ ಅಖಾಡದಲ್ಲಿ ಪಳಗಿದ ಪೈಲ್ವಾನ. ಹೋಗೋಕೆ ದುಡ್ಡಿಲ್ಲ, ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು.

ಅಲ್ಲಿ ಎದುರಾದ ಶೋಹಾಚಿ ಇಶಿಯಿ ಮೂಲತಃ ಜೂಡೋದವರು. ಯುದ್ಧದ ನಂತರ ಜಪಾನಿನಲ್ಲಿ ಜೂಡೋಗೆ ನಿಷೇಧ ಬಿದ್ದಾಗ ಕುಸ್ತಿಗೆ ಬಂದವರು. ನೋಡಿ, ಎರಡು ಪರಂಪರೆ, ಒಂದೇ ಮ್ಯಾಟ್! ಚಿನ್ನ ಇಶಿಯಿಗೆ ಹೋಯಿತು.

ಆದರೆ ಒಂದು ದೀರ್ಘ ಸೆಣಸಾಟ ಮುಗಿದ ಕೂಡಲೇ ಜಾಧವ್‌ರನ್ನು ಸೋವಿಯತ್‌ನ ರಶೀದ್ ಮಮ್ಮದ್‌ಬೆಯೋವ್ ಎದುರು ಇಳಿಸಿದರು. ನಿಯಮದಂತೆ 30 ನಿಮಿಷ ವಿಶ್ರಾಂತಿ ಸಿಗಬೇಕಿತ್ತು. ಕೇಳೋಕೆ ನಮ್ಮ ಅಧಿಕಾರಿ ಒಬ್ಬರೂ ಇರಲಿಲ್ಲ. ದಣಿದು ಸೋತರು, ಕಂಚು ಬಂತು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಎರಡನೆಯದಕ್ಕೆ 1996ರವರೆಗೆ ಕಾಯಬೇಕಾಯಿತು.

ಜಾಧವ್ 1984ರಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದಿದ್ದು ಆಮೇಲೆ. ಕುಸ್ತಿಪಟುವಿಗೆ ಪಟ್ಟು ಗೊತ್ತಿದ್ರೆ ಸಾಲದು. ಅವನ ಪರವಾಗಿ ನಿಯಮ ಓದಿ ಹೇಳೋರೂ ಬೇಕು, ಅಲ್ವಾ?