ಮುಸುಕಿನೊಳಗಿನ ವಳ್ಳುವರ್: ಬೆಂಗಳೂರು ದಂಡು ಪ್ರದೇಶದಲ್ಲಿ ಭಾಷಾ ರಾಜಕಾರಣದ ಪದಗಳು

ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ 1991ರಲ್ಲೇ ಸಿದ್ಧವಾಗಿತ್ತು. ಅನಾವರಣಗೊಂಡದ್ದು 2009ರ ಆಗಸ್ಟ್ 9ರಂದು. ಇಷ್ಟು ಕಾಲ ಅದು ಮುಸುಕಿನಲ್ಲಿ ನಿಲ್ಲಲು ಕಾವೇರಿ ವಿವಾದವೇ ಕಾರಣ ಎನ್ನುವುದು ರೂಢಿ. ಆ ಮಾತು ಅರ್ಧ ಸತ್ಯ. ಎರಡು ರಾಜ್ಯಗಳ ನೀರಿನ ಜಗಳ ಒಂದೇ ಬೀದಿಯವರ ಜಗಳವಾದದ್ದು ಕೆಲವು ಪದಗಳ ಮೂಲಕ ಎಂಬುದು ಈ ಲೇಖನದ ವಾದ.

ಆ ಪದಗಳ ಬೆನ್ನಿಗೆ ಹಳೆಯ ಗಡಿಯೊಂದಿದೆ. ಹಲಸೂರು, ಶಿವಾಜಿನಗರಗಳನ್ನು ಒಳಗೊಂಡ ದಂಡು ಪ್ರದೇಶ ಹುಟ್ಟಿದ್ದು 1809ರಲ್ಲಿ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ಇದನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ತಮ್ಮಲ್ಲೇ ಉಳಿಸಿಕೊಂಡರು. ಪೇಟೆಯೂ ದಂಡೂ ಒಂದೇ ಪಾಲಿಕೆಯಾದದ್ದು 1949ರಲ್ಲಿ. ಅಲ್ಲಿಯವರೆಗೆ ದಂಡಿನಲ್ಲಿ ಕಚೇರಿಯ ಭಾಷೆ ಇಂಗ್ಲಿಷ್. ಬೀದಿಯಲ್ಲಿ ತಮಿಳು, ಉರ್ದು, ತೆಲುಗು. ತನ್ನ ನೆಲದಲ್ಲೇ ಕನ್ನಡಕ್ಕೆ ಜಾಗ ಸಾಲದೆಂಬ ನೋವು ಹುಸಿಯಲ್ಲ. 1960ರ ದಶಕದಲ್ಲಿ ಕನ್ನಡ ಚಳವಳಿಯ ಅನಕೃ, ಮ. ರಾಮಮೂರ್ತಿ ಅವರು ದನಿಯೆತ್ತಿದ್ದು ಆ ನೋವಿನಿಂದಲೇ. ಅದಕ್ಕೆ ಉತ್ತರ ಹೇಳಬೇಕಾದದ್ದು ಸರ್ಕಾರ. ಆದರೆ ‘ವಲಸಿಗ’, ‘ಪರಭಾಷಿಕ’ ಎಂಬ ಪದಗಳು ಹೊಣೆಯನ್ನು ಸರ್ಕಾರದಿಂದ ನೆರೆಮನೆಗೆ ವರ್ಗಾಯಿಸಿದವು. ತಲೆಮಾರುಗಳಿಂದ ಹಲಸೂರಿನಲ್ಲೇ ಬಾಳಿದವರೂ ನಿನ್ನೆ ರೈಲಿಳಿದವರಾಗಿಬಿಟ್ಟರು. ದೊಮ್ಮಲೂರಿನ ಚೊಕ್ಕನಾಥ ದೇಗುಲದಲ್ಲಿ ಮಧ್ಯಕಾಲದ ತಮಿಳು ಶಾಸನಗಳಿವೆ, ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ಕನ್ನಡ ಶಾಸನವಿದೆ. ‘ಇವರು ಹೊರಗಿನವರು’ ಎಂಬ ಮಾತೂ ‘ಬೆಂಗಳೂರು ಯಾರ ಊರೂ ಅಲ್ಲ’ ಎಂಬ ಮಾತೂ ಈ ಕಲ್ಲುಗಳ ಮುಂದೆ ನಿಲ್ಲುವುದಿಲ್ಲ.

1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡುವಂತೆ ಮಧ್ಯಂತರ ತೀರ್ಪಿತ್ತಿತು. ಡಿಸೆಂಬರಿನಲ್ಲಿ ಹಿಂಸೆ ಭುಗಿಲೆದ್ದಾಗ ಏಟು ತಿಂದವರು ನೀರು ಹಂಚಿದವರಲ್ಲ, ಕೂಲಿ ತಮಿಳರು. 1994ರ ಅಕ್ಟೋಬರಿನಲ್ಲಿ ಇನ್ನೊಂದು ಪದದ ಸರದಿ. ಶಿವಾಜಿನಗರದ ಮನೆಮಾತಾದ ಉರ್ದುವಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ವಾರ್ತೆ ಆರಂಭಿಸಿತು. ಯಾವ ಹೊತ್ತಿಗೆ, ಎಷ್ಟು ಹೊತ್ತು ಎಂದು ಮಾತನಾಡಿ ಬಗೆಹರಿಸಬಹುದಾಗಿದ್ದ ವಿಷಯ ಅದು. ‘ಹೇರಿಕೆ’ ಎಂದು ಕರೆದ ಮೇಲೆ ಮಾತಿಗೆ ಎಡೆಯೇ ಉಳಿಯಲಿಲ್ಲ. ಚುನಾವಣೆಯೂ ಹತ್ತಿರವಿತ್ತು. ಗಲಭೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ವಾರ್ತೆ ನಿಂತಿತು.

2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ವೀರಪ್ಪನ್ ತನ್ನ ಬೇಡಿಕೆಗಳಲ್ಲಿ ವಳ್ಳುವರ್ ಪ್ರತಿಮೆಯ ಅನಾವರಣವನ್ನೂ ಸೇರಿಸಿದ. ಕುರಳ್ ಬರೆದ ಕವಿಯ ಹೆಸರು ಕಾಡುಗಳ್ಳನ ಹೆಸರಿನ ಜತೆ ಅಂಟಿಕೊಂಡಿತು. ಹಲಸೂರಿನ ತಮಿಳರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಯಾರೂ ಮಾಡಲಿಲ್ಲ ಎಂದೇ ನನ್ನ ಅಭಿಪ್ರಾಯ.

2009ರಲ್ಲಿ ಬದಲಾದದ್ದು ವಿಷಯವನ್ನು ಮಂಡಿಸಿದ ರೀತಿ. ಯಡಿಯೂರಪ್ಪ ಮತ್ತು ಕರುಣಾನಿಧಿ ಸರ್ಕಾರಗಳು ಇಲ್ಲಿ ವಳ್ಳುವರ್, ಚೆನ್ನೈನಲ್ಲಿ ಸರ್ವಜ್ಞ ಎಂದವು. ಸೋಲು-ಗೆಲುವಿನ ಮಾತು ಕೊಡು-ಕೊಳ್ಳುವ ಮಾತಾಯಿತು. ವಿರೋಧ ಇದ್ದೇ ಇತ್ತು. ಆದರೆ ‘ಶರಣಾಗತಿ’ ಎಂಬ ಆರೋಪಕ್ಕೆ ಹಿಂದಿನ ಬಿರುಸು ಇರಲಿಲ್ಲ. ಹಲಸೂರಿನಲ್ಲಿ ಕರುಣಾನಿಧಿ ಮುಸುಕು ಸರಿಸಿದ ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಕಾವೇರಿ ವಿವಾದ ಆಗಲೂ ಬಗೆಹರಿದಿರಲಿಲ್ಲ. ಪ್ರತಿಮೆಯನ್ನು ತಡೆದದ್ದು ನೀರೊಂದೇ ಅಲ್ಲ ಎಂಬುದಕ್ಕೆ ಇದೇ ಪುರಾವೆ.

ಈ ಚರಿತ್ರೆಯನ್ನು ಇನ್ನೂ ಆಳವಾಗಿ ಬರೆಯಲು ಪತ್ರಿಕೆಗಳಷ್ಟೇ ಸಾಲವು; ಗೋಡೆಗೆ ಅಂಟಿಸಿದ, ಕೈಗೆ ಹಂಚಿದ ಕಾಗದಗಳು ಬೇಕು. ಹಲಸೂರು, ಶಿವಾಜಿನಗರ, ಕೆ.ಆರ್. ಪುರಂನ ಮನೆಗಳಲ್ಲಿ, ಸಂಘಗಳ ಕಚೇರಿಗಳಲ್ಲಿ ಆ ಕಾಲದ ಕರಪತ್ರಗಳಿದ್ದರೆ, ಯಾವ ಭಾಷೆಯವಾದರೂ ಸರಿ, ರದ್ದಿಗೆ ಹಾಕದೆ ಯಾವುದಾದರೂ ಪತ್ರಾಗಾರಕ್ಕೆ ಒಪ್ಪಿಸಿ.